ತಂಗಿಯ ಅಂಗಳದ ಗೊಬ್ಬರಗುಂಡಿ

ಸೋಮವಾರ, ಬೆಳಿಗ್ಗೆ

ನನ್ನ ಗಿಣಿಗೆ ಅಕ್ಕನ ಆಶೀರ್ವಾದ.

ಇವತ್ತು ಸೋಮವಾರದ ಉಪವಾಸ. ಕೊಟ್ಟಿಗೆ ಗುಡಿಸಿ, ಹಾಲು ಕರೆದು, ದೇವರಿಗೆ ದೀಪ ಹಚ್ಚಿ ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯುವುದಿಲ್ಲ. ಹೊಟ್ಟೆ ಖಾಲಿ ಇರುವುದರಿಂದ ಮಾತು ಸ್ವಲ್ಪ ಖಾರವಾದರೆ ನುಂಗಿಕೋ. ರಸ್ತೆ ದಾಟಿದರೆ ನಿನ್ನ ಮನೆ. ಆದರೂ ಕಾಗದ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನ ಅಂಗಳಕ್ಕೆ ಕಾಲಿಡುವುದಿಲ್ಲ ಅಂತ ದೇವರ ಮುಂದೆ ಹೇಳಿಬಿಟ್ಟಿದ್ದೇನೆ.

ಗುರುವಾರ ಬೇರೆ ಊರಿನ ರೈತರು ನಿನ್ನ ಮಾದರಿ ಹೊಲ ನೋಡಲು ಬರುತ್ತಾರಂತೆ. ನಾನು ನಿನ್ನ ಪಕ್ಕ ನಿಂತು ನಾಲ್ಕು ಒಳ್ಳೆ ಮಾತು ಹೇಳಬೇಕಂತೆ. ಟೈಲರಮ್ಮನ ಕೈಲಿ ಹೇಳಿಕಳಿಸಿದ್ದೀಯ. ನೀನೇ ಬರೋದಕ್ಕೆ ಏನಾಗಿತ್ತು?

ನಮ್ಮ ಹೆಂಗಸರ ಗುಂಪು ಬೇಸಾಯದ ಸಲಹೆಗಾರ್ತಿಯಾಗಿ ನಿನ್ನನ್ನು ಆರಿಸಿದಾಗ ಮೊದಲು ಕೈ ಎತ್ತಿದವಳು ನಾನು. ಹೊರಗಿನಿಂದ ಬರುವವರು ಗಾಡಿ ಇಳಿಯದೆ ಸಲಹೆ ಕೊಟ್ಟು ಹೋಗುತ್ತಿದ್ದರು. ನಮ್ಮವಳೇ ಕಲಿತು ಬಂದು ಹೇಳಿದರೆ ಮಣ್ಣಿಗೂ ಅರ್ಥವಾಗುತ್ತೆ ಅಂತ ವಾದಿಸಿದೆ. ನೀನು ತರಬೇತಿ ಮುಗಿಸಿ ಬಂದೆ. ಗೊಬ್ಬರ ಮಾಡೋದನ್ನ ಕೇಳಿ ಕಲಿಯೋಕಾಗಲ್ಲ, ಕೈಯಲ್ಲಿ ಮಾಡಿಯೇ ಕಲಿಯಬೇಕು ಅಂತ ನಿನ್ನ ಅಂಗಳದಲ್ಲಿ ಗುಂಡಿ ತೋಡಿಸಿದೆ. ಪಾಠಕ್ಕೆ ಬರುವಾಗ ಎಲ್ಲರೂ ಒಂದೊಂದು ಬುಟ್ಟಿ ತನ್ನಿ ಅಂದೆ. ತಂದೆವು. ಟೈಲರಮ್ಮ ಒಣ ಎಲೆ, ಪಕ್ಕದ ಮನೆ ಅಜ್ಜಿ ಒಲೆಯ ಬೂದಿ, ನಾನು ನನ್ನ ಹಸುಗಳ ಸಗಣಿ. ವರ್ಷವೆಲ್ಲ ಹೊತ್ತೆವು. ಪಾಠ ನಮ್ಮ ತಲೆಗೆ ಬಂತು, ಗೊಬ್ಬರ ನಿನ್ನ ಹೊಲಕ್ಕೆ ಹೋಯಿತು.

ಮಾದರಿ ಹೊಲ ಚೆನ್ನಾಗಿದ್ದರೆ ತಾನೆ ಜನ ನಂಬೋದು ಅಂತ ನೀನಂದೆ, ನಾವೂ ತಲೆಯಾಡಿಸಿದೆವು. ಈಗ ರಸ್ತೆ ಬದಿಯ ನಿನ್ನ ಮೆಕ್ಕೆಜೋಳ ಆಳೆತ್ತರ ನಿಂತಿದೆ. ಪ್ರತಿ ವರ್ಷ ಸಗಣಿ ಕಾಣುತ್ತಿದ್ದ ನನ್ನ ಮೇಲಿನ ಹೊಲ ಬರಿಹೊಟ್ಟೆಯಲ್ಲಿ ಮಲಗಿತು. ನನಗಾದರೂ ವಾರಕ್ಕೊಂದೇ ದಿನ ಉಪವಾಸ. ಮಣ್ಣು ಹೆಂಟೆ ಕಟ್ಟಿದೆ, ಜೋಳ ಕಾಮಾಲೆ ಹಿಡಿದಂತೆ ಹಳದಿ. ನಿಮ್ಮ ಭಾವ ಗುದ್ದಲಿ ಹಾಕಿದರೆ ಠಣ್ ಅನ್ನುತ್ತೆ. ಇನ್ನು ಪೂಜೆಗೆ ಗಂಟೆ ಬೇಡ, ಹೊಲಕ್ಕೇ ಹೊಡೆದರಾಯಿತು ಅಂತ ಅವರು ನನ್ನನ್ನು ಗೇಲಿ ಮಾಡುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಪೈರು ಮೊಣಕಾಲೆತ್ತರ ಬಂದಾಗ ನಡೆದ ಸಭೆಯಲ್ಲಿ, ಅದೇ ಪಾಠ ಕೇಳಿದ ಅಕ್ಕನ ಬೆಳೆ ಯಾಕೆ ಹೀಗೆ ಅಂತ ಟೈಲರಮ್ಮ ಕೇಳಿದಳು. ನೀನು ಏನಂದೆ? ನಮ್ಮಕ್ಕನ ಕೈಗುಣವೇ ಅಷ್ಟು, ಅವಳು ನೀರು ಕಾಯಿಸಿದರೂ ಸೀದುಹೋಗುತ್ತೆ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬುಟ್ಟಿ ಕವುಚಿ ಹಾಕಿದೆ. ಅಮ್ಮ ಹೋದಮೇಲೆ ನಿನಗೆ ತುತ್ತು ಕಲಸಿ ಉಣ್ಣಿಸಿದ ಕೈ ಕಣೇ ಇದು. ಆಗ ಕೈಗುಣ ಚೆನ್ನಾಗಿತ್ತು, ಅಲ್ವಾ?

ಗುರುವಾರ ಬರುತ್ತೇನೆ, ಅಂಗಳಕ್ಕಲ್ಲ, ಹೊಲದ ಬದುವಿಗೆ. ಆದರೆ ಈ ಹಸಿರು ಯಾರ್‍ಯಾರ ಬುಟ್ಟಿಯದು ಅಂತ ಬಂದವರ ಮುಂದೆ ನಿನ್ನ ಬಾಯಿಂದಲೇ ಬರಬೇಕು. ಗುಂಡಿಯಲ್ಲಿ ಈಗ ಮಾಗಿರುವುದು ಮುಂದಿನ ಬಿತ್ತನೆಗೆ ಮೊದಲು ಎಲ್ಲರ ಹೊಲಕ್ಕೂ ಹೋಗಬೇಕು. ಆಗಲ್ಲ ಅಂದರೆ ನಿನ್ನ ಪಕ್ಕ ನಿಂತು ಹೊಗಳೋದಕ್ಕೆ ನಿನ್ನ ಜೋಳಕ್ಕೇ ಹೇಳು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಕೈಗುಣ ಇಲ್ಲದ ನಿನ್ನ ಅಕ್ಕ

ತಾ.ಕ.: ನಿನ್ನ ಪಾಠ ತಪ್ಪು ಅಂತ ನಾನು ಹೇಳಲಾರೆ. ಸಭೆಯ ಮಾರನೇ ದಿನವೇ ನನ್ನ ಹಿತ್ತಲಲ್ಲಿ ಗುಂಡಿ ತೋಡಿದೆ. ನೀನು ಹೇಳಿಕೊಟ್ಟಂತೆಯೇ ಎಲೆ, ಸಗಣಿ, ಮಣ್ಣು, ಪದರ ಪದರ. ಈಗ ಒಂದು ಹಿಡಿ ಎತ್ತಿದರೆ ಎರೆಹುಳು ಬೆರಳಿಗೆ ಸುತ್ತಿಕೊಳ್ಳುತ್ತೆ. ಅದನ್ನು ನೋಡಿದ ಮೇಲೆ ಹೆಂಗಸರು ಸಲಹೆಗಾರ್ತಿಯಾಗಿ ನಿನ್ನ ಜಾಗಕ್ಕೆ ನಾನೇ ನಿಲ್ಲಬೇಕು ಅಂತ ನನ್ನ ಬೆನ್ನು ಹತ್ತಿದ್ದಾರೆ. ಉಪವಾಸ ಬಿಟ್ಟಮೇಲೆ ಹೇಳುತ್ತೇನೆ ಅಂದಿದ್ದೇನೆ. ಸಂಜೆ ಹಾಲಿನ ಗಾಡಿಯವನು ನಿನ್ನ ಬಾಗಿಲಿಗೆ ಬರುತ್ತಾನೆ, ಉತ್ತರ ಬರೆಯುವವರೆಗೆ ಕಾದು ನಿಂತು ತಾ ಅಂತ ಹೇಳಿದ್ದೇನೆ. ಅವನನ್ನು ಬರಿಗೈಯಲ್ಲಿ ಕಳಿಸಬೇಡ ಕಣೇ.