ಕೈಯಾಗ ಹಿಡಿದ ಪೇಡಾ

ದಸ್ತಗೀರ ಸರ್,

ನಿಮ್ಮ ಶಿಷ್ಯೆ ಮಹಾದೇವಿ ಬರಿಯಾಕತ್ತೇನ್ರಿ. ನೀವು ತೀರಿಕೊಂಡ ಮ್ಯಾಲ ಇದು ಎರಡ್ನೇ ಬ್ಯಾಸಗಿ. ಹುನಗುಂದದ ಕಾಲೇಜಿನ್ಯಾಗ ನೀವು ಕಲಸ್ತಿದ್ದ ಅರ್ಥಶಾಸ್ತ್ರ ಈಗೂ ನಾನ ಕಲಸ್ತೇನಿ. ನಾಳೆ ಕಡೀ ಕ್ಲಾಸು. ಆಮ್ಯಾಲ ನಮ್ಮಂಥ ಅತಿಥಿ ಉಪನ್ಯಾಸಕರನ್ನ ಬಿಡುಗಡೆ ಮಾಡ್ತಾರ. ಮತ್ತ ಕರೀತಾರೋ ಇಲ್ಲೋ, ಯಾರೂ ಬಾಯಿ ಬಿಡವೊಲ್ಲರು.

ನವಉದಾರವಾದ, ಅಂದ್ರ ಸರಕಾರ ಹಿಂದ ಸರದು ಎಲ್ಲಾ ಖಾಸಗಿಯವರ ಕೈಗೆ ಬಿಡೂದು, ಯಾಕ ಬಂತು ಅಂತ ನೀವು ಹೇಳ್ತಿದ್ದದ್ದು ನೆನಪೈತೇನ್ರಿ? ಎಪ್ಪತ್ತರ ದಶಕದಾಗ ಕಚ್ಚಾ ಎಣ್ಣಿ ತುಟ್ಟಿ ಆತು, ಬೆಲಿ ಏರಿದ್ವು, ಕೆಲಸಾನೂ ಹೋದ್ವು, ಸರಕಾರದ ಹಳೀ ಔಷಧ ನಾಟಲಿಲ್ಲ. ಲಾಭ ಇಳದ ಮಾಲಕರು ಇದ ಹೊತ್ತು ಅಂತ ಕಾರ್ಮಿಕ ಸಂಘಗಳ ಸೊಂಟಾ ಮುರದ್ರು. ಸಾಲಾ ಕೊಟ್ಟವರು ಬಡದೇಶಗಳಿಗೆ ಷರತ್ತು ಹಾಕಿದ್ರು. ತೊಂಬತ್ತೊಂದರಾಗ ನಮ್ಮ ಸರಕಾರಾನೂ ಬಂಗಾರ ಒತ್ತಿ ಇಟ್ಟಿತು. ಇಷ್ಟು ಬೋರ್ಡಿನ ಮ್ಯಾಲ ಬರದು, "ಆದ್ರ ಬರೇ ಅವರು ತಂದದ್ದಲ್ರಪಾ, ನಾವೂ ಬಾಗಲಾ ತಗದ್ವಿ" ಅಂತ ನಗತಿದ್ರಿ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಲೆ ಆಫೀಸಿಗೆ ಅಡ್ಡಾಡಿ ಸಾಕಾಗಿತ್ತಂತ ನಿಮಗ. ಖಾಸಗಿ ಮೊಬೈಲ್ ಕೈಗೆ ಬಂದ ದಿನ, ಸಂಘದ ಬಾವುಟಾ ಹಿಡದ ಕೈಲೇ ಓಣಿಗೆಲ್ಲ ಪೇಡಾ ಹಂಚಿದ್ರಂತ.

ನಿನ್ನೆ ಅದನ್ನೂ ಹೇಳ್ದೆ. ಹುಡುಗರು ಬಿದ್ದು ಬಿದ್ದು ನಕ್ರು. ಇಳಕಲ್ಲಿಂದ ಬರೋ ಒಬ್ಬಾಕಿ ಮಾತ್ರ ನಗಲಿಲ್ಲ. "ಮೇಡಂ, ನೀವೂ ಪೇಡಾ ಹಂಚೀರೇನ್ರಿ?" ಅಂದ್ಲು. ಟೈಮ್ ಆತು ಅಂತ ಹೊರಗ ಬಂದಬಿಟ್ಟೆ. ಗಂಟಿ ಇನ್ನೂ ಹೊಡದಿರಲಿಲ್ರಿ.

ಹಂಚೇನಲ್ಲ ಸರ್. ನೀವು ರಿಟೈರ್ ಆದ ವರ್ಷ ನನಗ ಆರ್ಡರ್ ಬಂದಾಗ ಮೊದಲ ನಿಮ್ಮ ಮನಿಗೇ ಪೇಡಾ ತಂದಿದ್ದೆ. "ಕಾಯಂ ಏನವಾ?" ಅಂದ್ರಿ. "ಇಲ್ರಿ, ಗೆಸ್ಟ್" ಅಂದೆ. ಪೇಡಾ ಕೈಯಾಗ ಹಿಡಕೊಂಡ ಕುಂತ್ರಿ, ತಿನ್ನಲಿಲ್ಲ. ಸಕ್ಕರಿ ಕಾಯಿಲಿ ಅದಕ್ಕ ಅನಕೊಂಡೆ ನಾ, ಹುಚ್ಚಿ. ನಿಮ್ಮ ಕುರ್ಚಿ ಅಷ್ಟ ನನಗ ಬಂದಿತ್ತು, ನಿಮ್ಮ ಹುದ್ದೆ ಯಾರಿಗೂ ಬರಲಿಲ್ಲ. ನಿಮಗ ಅವತ್ತ ಗೊತ್ತಿತ್ತೇನ್ರಿ? ಗೊತ್ತಿದ್ದೂ ನನ್ನ ಖುಷಿ ಮಾರಿ ನೋಡಿ ಹೇಳಲಿಲ್ಲೇನ್ರಿ?

"ಪುಸ್ತಕದಾಗ ಇದ್ದಷ್ಟ ಹೇಳ್ರಿ, ನಮ್ಮ ಕಾಲೇಜಿನ ಸುದ್ದಿ ಬ್ಯಾಡ" ಅಂತ ಪ್ರಿನ್ಸಿಪಾಲರು ಇವತ್ತ ಮೆತ್ತಗ ಹೇಳ್ಯಾರ. ಅಂಜಿಕಿ ಆಗೇತ್ರಿ, ಖರೆ ಹೇಳ್ತೇನಿ. ಆದ್ರೂ ನಾಳೆ ಆ ಹುಡುಗಿಗೆ ಉತ್ತರಾ ಕೊಡ್ತೇನಿ, ಎಲ್ಲಾರ ಮುಂದ. ಮುಂದಿನ ವರ್ಷ ನನ್ನ ಕರೀಲಿಕ್ಕಿಲ್ಲ.

ಆಕಿಗೆ ಏನಾಗಬೇಕಂತ ಆಸೆ ಗೊತ್ತೇನ್ರಿ ಸರ್? "ನಿಮ್ಮಂಗ ಆಗಬೇಕ್ರಿ ಮೇಡಂ" ಅಂತಾಳ. ಆಕಿ ನನ್ನ ಮನಿಗೆ ಪೇಡಾ ತರೂಕಿಂತ ಮೊದಲ ನಾ ಆಕಿಗೆ ಹೇಳಬೇಕು, ಈ ಕುರ್ಚಿ ಹಿಂದ ಹುದ್ದೆ ಇಲ್ಲಂತ.

ನಿಮ್ಮ
ಮಹಾದೇವಿ