ಮಂಜಿನಡಿಯ ಹುಳಿ ಹಿಟ್ಟು

ದಕ್ಷಿಣ ಧ್ರುವ, 2231ರ ಫೆಬ್ರವರಿ 30

ಇನ್ನೂರು ವರ್ಷ ಹಿಂದಿನ ಮಂಜಿನ ಠಾಣೆಯ ಅಡಿಗೆಯವರಿಗೆ ತುಂಗವ್ವ ಹಾದಿಮನಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಇಷ್ಟು ಕಾಲದಲ್ಲಿ ಮಾತು ಸವೆದಿದೆ. ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮೇಲೆ ನನಗೆ ಸಿಟ್ಟೂ ಇದೆ, ಹೇಳತೀರದ ಸಂತೋಷವೂ ಇದೆ.

ನಾವು ಹನ್ನೊಂದು ಜನ ಹೆಜ್ಜೆಮನೆಯಲ್ಲಿದ್ದೇವೆ. ವರ್ಷಕ್ಕೊಮ್ಮೆ ಕಾಲೆತ್ತಿ ಹೊಸ ಮಂಜಿನ ಮೇಲೆ ಏರಿ ನಿಲ್ಲುವ ಠಾಣೆಗೆ ನಾವಿಟ್ಟ ಹೆಸರು ಅದು. ಗಾಳಿಯಿಂದ ದೀಪ, ಯಂತ್ರಗಳ ಬಿಸಿಯಿಂದಲೇ ಕೋಣೆಗೆ ಕಾವು. ಪಾತ್ರೆ ತೊಳೆದ ನೀರು ಏಳು ಸಲ ಸೋಸಿ ಮತ್ತೆ ಕಾಫಿಗೇ ಬರುತ್ತದೆ. ಹೊಸಬರು ಮೊದಲ ವಾರ ಮೂಗು ಮುರಿಯುತ್ತಾರೆ, ಆಮೇಲೆ ಎರಡನೇ ಲೋಟ ಕೇಳುತ್ತಾರೆ. ಹೊರಗೆ ಒಂದು ಹನಿಯೂ ಬೀಳುವಂತಿಲ್ಲ. ಮನುಷ್ಯರ ಊಟದ ಸೋಂಕು ತಗುಲಿದ ಮಂಜಿಗೆ ಮುಸುರೆಮಂಜು ಎನ್ನುತ್ತೇವೆ. ಅದು ಕಂಡ ಜಾಗದಲ್ಲಿ ಕೊರೆಯುವ ಕೆಲಸ ನಿಲ್ಲಿಸಿ ಹೊರಡಬೇಕು.

ಮಂಜಿನೊಳಗೇ ಹುಟ್ಟಿ ಬದುಕುವ ಜೀವ ಉಂಟೇ ಎಂದು ಹತ್ತೊಂಬತ್ತು ವರ್ಷ ಇದೊಂದೇ ಜಾಗದಲ್ಲಿ ಕೊರೆದಿದ್ದೇನೆ. ನಿಮ್ಮ ಠಾಣೆ ಇಲ್ಲೇ ಹೂತಿದೆಯೆಂದು ಯಾರಿಗೆ ಗೊತ್ತಿತ್ತು? ಕಳೆದ ವಾರ ನಿಮ್ಮ ಕಾಲದ ಪದರದ ಚೂರೊಂದು ಬೆಚ್ಚಗಿನ ಸೀಸೆಯಲ್ಲಿ ಗುಳ್ಳೆ ಬಿಟ್ಟಿತು. ಹುಡುಕಿದ ಜೀವ ಸಿಕ್ಕಿತೆಂದು ಎಲ್ಲರನ್ನೂ ಕೂಗಿ ಕರೆದೆ. ನಮ್ಮ ಅಡಿಗೆಯ ದುರ್ಗಪ್ಪಜ್ಜ ಬಂದು ಮೂಸಿದರು. "ಇದು ಹೊಸಾ ಜೀವಿ ಅಲ್ಲವ್ವಾ, ಹುಳಿ ಬಂದ ದೋಸಿ ಹಿಟ್ಟು. ಸಣ್ಣಾಂವ ಇದ್ದಾಗ ಮೂಸೀನಿ" ಎಂದರು. ಪರೀಕ್ಷೆಯೂ ಅದನ್ನೇ ಹೇಳಿತು. ಯಾರು ನೋಡುತ್ತಾರೆ ಎಂದುಕೊಂಡು ನೀವು ಮಂಜಿನ ಗುಂಡಿಗೆ ಚೆಲ್ಲಿದ್ದಿರಿ. ನನ್ನ ಹತ್ತೊಂಬತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾಡಿದ್ದು ಜಾಗ ಬಿಡುತ್ತೇವೆ.

ಆದರೆ ಇನ್ನೊಂದು ಮಾತು ಕೇಳಿ. ನಮಗೆ ಬರುವ ಅಕ್ಕಿ, ಉದ್ದಿನಲ್ಲಿ ಒಂದು ಜೀವಾಣುವನ್ನೂ ಉಳಿಸಿ ಕಳಿಸುವುದಿಲ್ಲ. ಈಗ ಊರಲ್ಲೂ ಇಲ್ಲೂ ಹಿಟ್ಟು ಉಬ್ಬುವುದೇ ಇಲ್ಲ. ಅಜ್ಜ ಸೀಸೆಯಿಂದ ಒಂದು ಚಮಚ ಬೆರೆಸಿಟ್ಟರು. ಬೆಳಿಗ್ಗೆ ನೋಡಿದರೆ ಹಿಟ್ಟು ಮುಚ್ಚಳ ಎತ್ತಿಕೊಂಡು ಉಕ್ಕಿತ್ತು. ಕಾವಲಿಯ ಮೇಲೆ ದೋಸೆ ತೂತು ತೂತಾಗುವುದನ್ನು ನೋಡಲು ಹನ್ನೊಂದು ಜನವೂ ಒಲೆಗೆ ಮುತ್ತಿದೆವು. ನಾನು ನಿಮ್ಮನ್ನು ಬೈಯುತ್ತಲೇ ಏಳು ತಿಂದೆ. ದೋಸೆ ಇಷ್ಟು ರುಚಿ ಎಂದು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಈ ಕಾಗದ ಮುಟ್ಟಿದಾಗ ಹಿಟ್ಟಿನ ಪಾತ್ರೆ ಇನ್ನೂ ನಿಮ್ಮ ಕೈಯಲ್ಲಿದ್ದರೆ ಗುಂಡಿಯ ಕಡೆ ಹೋಗಬೇಡಿ. ಡಬ್ಬಿಗೆ ತುಂಬಿ ಊರಿಗೆ ಒಯ್ಯಿರಿ. ಮಗಳಿಗೆ ಕೊಡಿ, ಅವಳು ಅವಳ ಮಗಳಿಗೆ ಕೊಡಲಿ. ಮಂಜಿನ ದಾರಿ ಬೇಡ. ಕೈಯಿಂದ ಕೈಗೆ ಬಂದರೂ ಅದು ನನಗೆ ತಲುಪುತ್ತದೆ.