ಕಮಲಾಪುರ ಲೈನಿನ ಹಳೆಯ ನಂಬರು

ಬ್ರಹ್ಮಪುರ, ಕಲಬುರಗಿ

ಬ್ಯಾಂಕಿನ ವ್ಯವಸ್ಥಾಪಕ ಯಶವಂತರಾಯರಿಗೆ ನಮಸ್ಕಾರ.

ಕಮಲಾಪುರ ಶಾಖೆಯ ಕಂಪ್ಯೂಟರುಗಳನ್ನು ಮುಖ್ಯ ಕಚೇರಿಗೆ ಜೋಡಿಸುವ ಫ್ರೇಮ್ ರಿಲೇ ಲೈನು ಮೂರು ದಿನ ನಿಂತಿತ್ತು. ನಿಮ್ಮ ಎಂಜಿನಿಯರು ಕೇಬಲ್ ಬದಲಿಸಿ ಸೋತರು. ಅಲ್ಲಿನ ಗುಮಾಸ್ತೆ, ನನ್ನ ಮಗಳು ಅಂಬಿಕಾ ಸರಿಪಡಿಸಿದಳು. ಅನುಮತಿಯಿಲ್ಲದೆ ರೂಟರ್ ಮುಟ್ಟಿದಳೆಂದು ನೀವು ಅವಳಿಗೇ ನೋಟಿಸು ಕೊಟ್ಟಿರಿ!

ಟೆಲಿಫೋನ್ ಕಂಪನಿ ಆ ಲೈನಿನ ಗುರುತಿನ ನಂಬರು ಬದಲಿಸಿತ್ತು. ರೂಟರಿನಲ್ಲಿ ನಾವು ಕೈಯಾರೆ ತುಂಬಿದ ಹಳೆಯ ನಂಬರು ಇರುವತನಕ ಅದು ಹೊಸದನ್ನು ತಾನಾಗಿ ಹುಡುಕುವುದಿಲ್ಲ. 1999ರಲ್ಲಿ ಅದನ್ನು ಟೈಪ್ ಮಾಡಿದವರು ತಾವು; ಪಕ್ಕದಲ್ಲಿ ನಿಂತು ಓದಿ ಹೇಳಿದ ಗುಮಾಸ್ತ ನಾನು. ಇಬ್ಬರೂ ಮರೆತೆವು.

“ಅಪ್ಪಾ, ನೀವು ಹೇಳಿದ ನಂಬರೇ ಅಳಿಸೀನ್ ನೋಡ್ರಿ, ಲೈನ್ ತಾನೇ ದಾರಿ ಹುಡಕ್ಕೊಂಡದ” ಎಂದು ನಕ್ಕಳು. ನಾನು ಓಣಿಗೆಲ್ಲ ಪೇಡಾ ಹಂಚಿದೆ.

ನೋಟಿಸು ಹಿಂಪಡೆಯಿರಿ. ಅದರಲ್ಲಿ ತಪ್ಪಿತಸ್ಥರ ಹೆಸರು ಬೇಕೇಬೇಕೆಂದರೆ, ನಮ್ಮಿಬ್ಬರದು ಬರೆಯಿರಿ.

ತಮ್ಮ ಹಳೆಯ ಸಹೋದ್ಯೋಗಿ,
ನೀಲಕಂಠ